ಉಸಿರು ತಗೊಳ್ಳಿ ಅನ್ನೋದನ್ನು ಕಲಿಯೋಕೆ 28 ದಿನ

ಒಂದು ತಿಂಗಳು ರಜೆ ಹಾಕಿ ಯೋಗ ಟೀಚರ್ ಟ್ರೈನಿಂಗ್‌ಗೆ ಹೋಗ್ತೀನಿ ಅಂದಾಗ ಆಫೀಸಿನಲ್ಲಿ ಕೇಳಿದ ಮೊದಲ ಪ್ರಶ್ನೆ ‘ಪೇಪರ್ ಹಾಕ್ತಿದೀಯಾ?’ ಮನೆಯಲ್ಲಿ ಅಮ್ಮ ಕೇಳಿದ್ದು ‘ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನೇ?’ ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ. ಕೆಲಸ ಬಿಡ್ತಿಲ್ಲ, ಕಲಿಯೋಕೆ ಹೋಗ್ತಿದೀನಿ, ವಾಪಸ್ ಬರ್ತೀನಿ. ಇಬ್ಬರೂ ನಂಬಲಿಲ್ಲ.

ವಾಪಸ್ ಬಂದು ಏಳು ತಿಂಗಳಾಯ್ತು. ಈಗಲೂ ವಾರಕ್ಕೊಬ್ಬರಾದರೂ ಮೆಸೇಜ್ ಮಾಡ್ತಾರೆ. ಹೇಗಿತ್ತು, ಎಷ್ಟಾಯ್ತು, ನಾನೂ ಹೋಗಬಹುದಾ? ಕೇಳುವವರು ಹೆಚ್ಚುಕಮ್ಮಿ ನಮ್ಮ ವಯಸ್ಸಿನವರೇ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವವರು, ರೀಲ್ಸ್‌ನಲ್ಲಿ ಬೆಟ್ಟದ ತುದಿಯ ಸೂರ್ಯ ನಮಸ್ಕಾರ ನೋಡಿ ನಿಟ್ಟುಸಿರು ಬಿಡುವವರು. ಎಲ್ಲರಿಗೂ ಬಿಡಿಬಿಡಿಯಾಗಿ ಟೈಪ್ ಮಾಡಿ ಸಾಕಾಗಿ ಇಲ್ಲಿ ಬರೀತಿದೀನಿ.

ನಾನು ಹೋಗಿದ್ದಕ್ಕೆ ಕಾರಣ ಬರ್ನ್‌ಔಟ್ ಅಲ್ಲ, ಅಪ್ಪಾಜಿ. ನಮ್ಮದು ಚಿತ್ರದುರ್ಗ ಜಿಲ್ಲೆ. ಅಪ್ಪಾಜಿ ಹೈಸ್ಕೂಲ್ ಹುಡುಗನಾಗಿದ್ದಾಗ ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮದಲ್ಲಿ ರಾಘವೇಂದ್ರ ಸ್ವಾಮೀಜಿಯವರ ಯೋಗ ಶಿಬಿರಕ್ಕೆ ಹೋಗಿ ಬಂದವರು. ಅಲ್ಲಿಂದ ಬಂದ ಮೇಲೆ ಒಂದು ದಿನವೂ ಬಿಡದೆ ಆಸನ ಮಾಡಿದವರು. ಎರಡು ವರ್ಷದ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪಾಜಿ ಚಾಪೆ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟರು. ವಾಕಿಂಗ್ ಮಾಡ್ತಾರೆ, ಮಾತ್ರೆ ತಗೋತಾರೆ, ಅಷ್ಟೇ. ‘ಏನು ಮಾಡಬಹುದು, ಏನು ಮಾಡಬಾರದು ಅಂತ ಗೊತ್ತಿಲ್ಲದೆ ಯಾಕೆ ಕೈ ಹಾಕೋದು’ ಅಂತಿದ್ದರು. ನಾನು ಯೂಟ್ಯೂಬ್‌ನಲ್ಲಿ ಹುಡುಕಿದೆ. ಒಂದು ವಿಡಿಯೋ ಹೃದಯಕ್ಕೆ ಅಮೃತ ಅಂದ ಆಸನವನ್ನೇ ಇನ್ನೊಂದು ವಿಷ ಅಂತಿತ್ತು. ಸರಿ, ನಾನೇ ಹೋಗಿ ಕಲೀತೀನಿ ಅಂತ ಹೊರಟೆ.

ಯಾಕೆ 200 ಗಂಟೆ?

ಈ ಕೋರ್ಸ್‌ಗಳೆಲ್ಲ ‘200 ಗಂಟೆ’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ. ಸಂಖ್ಯೆ ಯಾವ ಶಾಸ್ತ್ರದ್ದೂ ಅಲ್ಲ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ಯೋಗ ಅಲಯನ್ಸ್ ಎಂಬ ಸಂಸ್ಥೆ ಯೋಗ ಶಾಲೆಗಳನ್ನು ನೋಂದಾಯಿಸಿಕೊಳ್ಳಲು ಇಟ್ಟುಕೊಂಡ ಅಳತೆ ಅದು. ಅಲ್ಲಿ ನಿಮ್ಮನ್ನು ಪರೀಕ್ಷೆ ಮಾಡಿ ಪಾಸು ಮಾಡುವುದು ನೀವು ಫೀಸು ಕಟ್ಟಿದ ಶಾಲೆಯೇ. ನಮ್ಮ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್‌ನದು ಬೇರೆ ದಾರಿ. ಅಲ್ಲಿ ನೀವು ಎಲ್ಲಿ ಕಲಿತಿರಿ ಎನ್ನುವುದಕ್ಕಿಂತ ಪರೀಕ್ಷೆಯೇ ಮುಖ್ಯ. ಬರವಣಿಗೆಯದೂ ಇದೆ, ಮಾಡಿ ತೋರಿಸುವುದೂ ಇದೆ. ಎರಡೂ ಕೈಯಲ್ಲಿ ಇಲ್ಲದಿದ್ದರೂ ನಮ್ಮಲ್ಲಿ ನಾಳೆ ಬೆಳಿಗ್ಗೆ ಯಾರು ಬೇಕಾದರೂ ಟೆರೇಸ್ ಮೇಲೆ ಚಾಪೆ ಹಾಸಿ ಯೋಗ ಕ್ಲಾಸ್ ಶುರು ಮಾಡಬಹುದು, ತಡೆಯುವವರು ಯಾರೂ ಇಲ್ಲ.

ಇನ್ನೊಂದು ಹೋಲಿಕೆ ಕೊಡ್ತೀನಿ. ಯೋಗ ಮತ್ತು ಪ್ರಕೃತಿ ಚಿಕಿತ್ಸೆಯ ವೈದ್ಯರಾಗಲು ಓದುವ ಬಿಎನ್‌ವೈಎಸ್ ಡಿಗ್ರಿ ನಾಲ್ಕೂವರೆ ವರ್ಷದ್ದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ನನ್ನ ಕೋರ್ಸ್ 28 ದಿನದ್ದು. ಹಾಗಾಗಿ 28 ದಿನದ ಸರ್ಟಿಫಿಕೇಟ್‌ಗೆ ಫ್ರೇಮ್ ಹಾಕಿಸಿ ಪಕ್ಕದಲ್ಲೇ ‘ಥೈರಾಯ್ಡ್, ಪಿಸಿಓಡಿ, ಬೆನ್ನುನೋವಿಗೆ ಚಿಕಿತ್ಸೆ’ ಅಂತ ಬೋರ್ಡ್ ತೂಗುಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ.

ನಾನು ಆರಿಸಿಕೊಂಡದ್ದು ಮೈಸೂರಿನ ಹೊರವಲಯದ, ಕಿಟಕಿ ತೆಗೆದರೆ ಚಾಮುಂಡಿ ಬೆಟ್ಟ ಕಾಣುವ ಒಂದು ಸಣ್ಣ ಸಂಸ್ಥೆ. ಊಟ, ವಸತಿ ಎಲ್ಲ ಸೇರಿ 62 ಸಾವಿರ. ಇಬ್ಬರಿಗೊಂದು ರೂಮು. ನಾಲ್ಕು ಭಾನುವಾರ ರಜೆ ಕಳೆದರೆ ಉಳಿಯೋದು 24 ದಿನ. 200 ಗಂಟೆಯನ್ನು ಭಾಗಿಸಿ ನೋಡಿ, ದಿನಕ್ಕೆ 8 ಗಂಟೆ 20 ನಿಮಿಷ. ಬೆಳಿಗ್ಗೆ 4:45ಕ್ಕೆ ಗಂಟೆ, 5:30ಕ್ಕೆ ಪ್ರಾರ್ಥನೆ, ಪ್ರಾಣಾಯಾಮ, ಎರಡು ಗಂಟೆ ಆಸನ, ತಿಂಡಿ. ಆಮೇಲೆ ಅಂಗರಚನೆ, ಪತಂಜಲಿ, ಮಧ್ಯಾಹ್ನ ಕಲಿಸುವ ಕ್ಲಾಸು, ಸಂಜೆ ಮತ್ತೆ ಆಸನ, ರಾತ್ರಿ 9:30ಕ್ಕೆ ದೀಪ ಬಂದ್. ಫೋನ್ ಲಾಕರ್‌ನಲ್ಲಿ. ರಾತ್ರಿ ಊಟದ ಮೇಲೆ ಅರ್ಧ ಗಂಟೆ ಮಾತ್ರ ಕೈಗೆ ಸಿಗುತ್ತಿತ್ತು. ಮೊದಲ ವಾರ ಪ್ಯಾಂಟಿನ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ತಿದ್ದೆ, ಎರಡನೇ ವಾರ ಆ ಚಟ ತಾನಾಗಿಯೇ ಹೋಯ್ತು.

ನಮ್ಮ ಬ್ಯಾಚಿನಲ್ಲಿ 18 ಜನ. ಆರು ಮಂದಿ ಹೊರದೇಶದವರು. ಉಳಿದವರಲ್ಲಿ ಹುಬ್ಬಳ್ಳಿಯ ಜಿಮ್ ಟ್ರೈನರ್, ಮಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬರು ನರ್ಸ್, ನಾನು ಸೇರಿದಂತೆ ಐದು ಮಂದಿ ಐಟಿಯವರು. ಐಟಿಯವರನ್ನು ಗುರುತಿಸೋದು ಸುಲಭ. ಕತ್ತು ದೇಹಕ್ಕಿಂತ ಎರಡು ಇಂಚು ಮುಂದೆ ಇರುತ್ತೆ.

ಉಪ್ಪುನೀರಿನ ದಿನ

ಹತ್ತನೇ ದಿನ ಶಂಖಪ್ರಕ್ಷಾಲನ. ಕೇಳಿದವರೆಲ್ಲ ಇದರ ಬಗ್ಗೆಯೇ ಕೇಳ್ತಾರೆ, ಹಾಗಾಗಿ ಹೇಳಿಬಿಡ್ತೀನಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಬೆಚ್ಚಗಿನ ಉಪ್ಪುನೀರು ಕುಡಿಯಬೇಕು. ತಕ್ಷಣ ತಾಡಾಸನ, ತಿರ್ಯಕ ತಾಡಾಸನ, ಕಟಿಚಕ್ರಾಸನ, ತಿರ್ಯಕ ಭುಜಂಗಾಸನ, ಉದರಾಕರ್ಷಣಾಸನ, ಈ ಐದನ್ನು ಎಂಟೆಂಟು ಸಲ ಮಾಡಬೇಕು. ಮತ್ತೆ ಎರಡು ಲೋಟ. ಮತ್ತೆ ಐದು ಆಸನ. ಒಂದು ಹಂತದಲ್ಲಿ ಹೊಟ್ಟೆ ಗುಡುಗುತ್ತೆ, ಆಮೇಲೆ ಎಲ್ಲರೂ ಓಡ್ತಾರೆ. ಒಳಗೆ ಹೋದ ನೀರು ಹಾಗೇ ತಿಳಿಯಾಗಿ ಹೊರಗೆ ಬರೋವರೆಗೂ ಇದು ನಡೆಯುತ್ತೆ. 18 ಜನಕ್ಕೆ ಇದ್ದ ಶೌಚಾಲಯ ಎಂಟು. ಅವತ್ತು ಬೆಳಿಗ್ಗೆ ನಮ್ಮ ನಡುವೆ ಉಳಿದಿದ್ದ ನಾಚಿಕೆ ಎಲ್ಲ ಹೋಯ್ತು.

ಮುಗಿದ ಮೇಲೆ ಮುಕ್ಕಾಲು ಗಂಟೆ ಮಲಗಬೇಕು, ಆದರೆ ನಿದ್ದೆ ಮಾಡುವ ಹಾಗಿಲ್ಲ. ಆಮೇಲೆ ಅಕ್ಕಿ, ಹೆಸರುಬೇಳೆ ಮೆತ್ತಗೆ ಬೇಯಿಸಿ ತುಪ್ಪ ಸುರಿದ ಕಿಚಡಿ. ಒಗ್ಗರಣೆ ಇಲ್ಲ, ಮೆಣಸಿನಕಾಯಿ ಇಲ್ಲ. ಅಂಥ ರುಚಿಯ ಊಟ ನಾನು ಯಾವ ಹೋಟೆಲಿನಲ್ಲೂ ಮಾಡಿಲ್ಲ.

ಆದರೆ ಅವತ್ತು ನನಗೆ ಮುಖ್ಯ ಅನಿಸಿದ್ದು ನೀರು ಕುಡಿಯೋದಕ್ಕೆ ಮುಂಚೆ ನಡೆದದ್ದು. ಹಿಂದಿನ ಸಂಜೆ ಮೇಡಂ ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಕೇಳಿದರು. ಬಿಪಿ ಇದೆಯಾ, ಹೃದಯದ ತೊಂದರೆ, ಅಲ್ಸರ್, ಕಿಡ್ನಿ, ಗರ್ಭಿಣಿಯಾ, ಮುಟ್ಟಿನ ದಿನವಾ? ನಾಲ್ಕು ಜನರನ್ನು ‘ನೀವು ಮಾಡಬೇಡಿ’ ಅಂತ ಬಿಟ್ಟರು. ಅವರಲ್ಲಿ ಒಬ್ಬರು, ದುಬಾರಿ ಫೀಸು ಕೊಟ್ಟಿದ್ದೀನಿ, ನನಗೂ ಬೇಕು ಅಂತ ವಾದಿಸಿದರು. ಮೇಡಂ ಜಗ್ಗಲಿಲ್ಲ. ‘ಹೇಳಿಕೊಡೋದಕ್ಕೆ ಮುಂಚೆ ಬೇಡ ಅನ್ನೋದನ್ನ ಕಲೀಬೇಕು’ ಅಂದರು. ದಯವಿಟ್ಟು ಇದನ್ನು ವಿಡಿಯೋ ನೋಡಿಕೊಂಡು ಮನೆಯಲ್ಲಿ ಪ್ರಯತ್ನಿಸಬೇಡಿ.

ಅಂಗರಚನೆಯ ಕ್ಲಾಸಿನಲ್ಲೂ ಇದೇ ಪಾಠ ಬೇರೆ ರೂಪದಲ್ಲಿ ಬಂತು. ತೊಡೆಮೂಳೆಯ ತಲೆ ಸೊಂಟದ ಬಟ್ಟಲಿನಲ್ಲಿ ಕೂರುವ ಕೋನ ಎಲ್ಲರಲ್ಲೂ ಒಂದೇ ಇರಲ್ಲ. ಕೆಲವರಿಗೆ ಕಾಲು ಹೊರಕ್ಕೆ ಸಲೀಸಾಗಿ ತಿರುಗುತ್ತೆ, ಕೆಲವರಿಗೆ ಮೂಳೆಗೆ ಮೂಳೆ ತಾಗಿ ಅಲ್ಲೇ ನಿಲ್ಲುತ್ತೆ. ಎರಡನೆಯವರು ಎಷ್ಟು ವರ್ಷ ಅಭ್ಯಾಸ ಮಾಡಿದರೂ ಪದ್ಮಾಸನ ಬರದೇ ಇರಬಹುದು. ಹಟ ಹಿಡಿದು ಕಾಲು ಎಳೆದು ಹಾಕಿದರೆ ಸೊಂಟ ತಿರುಗದ ಪಾಲನ್ನು ಮಂಡಿ ತಿರುಗಬೇಕಾಗುತ್ತೆ. ಮಂಡಿ ಬಾಗಿಲಿನ ಕೀಲಿನ ಹಾಗೆ, ಮಡಿಸಲು, ಬಿಚ್ಚಲು ಇರುವುದು. ತಿರುಚಿದರೆ ಒಳಗಿನ ಮೆತ್ತೆ ಹರಿಯುತ್ತೆ. ನಮ್ಮ ಜಿಮ್ ಟ್ರೈನರ್ ಇದನ್ನು ಕೇಳಿ ಐದು ನಿಮಿಷ ಸುಮ್ಮನೆ ಕೂತಿದ್ದರು.

ಕನ್ನಡದಲ್ಲೇ ಬರೆದದ್ದು

ಎರಡನೇ ಭಾನುವಾರ ಮೈಸೂರು ಪೇಟೆಗೆ ಹೋಗಿ ಜಗನ್ಮೋಹನ ಅರಮನೆ ನೋಡಿ ಬಂದೆವು. ಎಲ್ಲರೂ ಅಲ್ಲಿನ ಚಿತ್ರಶಾಲೆಗೆ ಹೋಗ್ತಾರೆ. ನಾವು ಹೋದದ್ದು 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ಜಾಗ ಅಂತ. ಇವತ್ತು ನ್ಯೂಯಾರ್ಕ್, ಬರ್ಲಿನ್‌ನ ಸ್ಟುಡಿಯೋಗಳಲ್ಲಿ ನಡೆಯುವ ಯೋಗದ ದೊಡ್ಡ ಪಾಲು ಆ ಶಾಲೆಯಿಂದ ಹೊರಟದ್ದು. ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸ್ ಇಬ್ಬರೂ ಕೃಷ್ಣಮಾಚಾರ್ಯರ ಶಿಷ್ಯರು. ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ ಮುಚುಕುಂದಪುರದಲ್ಲಿ, ಅಂದರೆ ನಮ್ಮ ಚಿತ್ರದುರ್ಗ ಜಿಲ್ಲೆ. ನನಗೆ ಸ್ವಲ್ಪ ಜಂಬ ಬಂತು.

ಅವರ ‘ಯೋಗ ಮಕರಂದ’ 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. 1941ರ ‘ಯೋಗಾಸನಗಳು’ ಕೂಡ ಕನ್ನಡದ್ದೇ. ನಮ್ಮ ಸಂಸ್ಥೆಯ ಕಪಾಟಿನಲ್ಲಿ ಯೋಗ ಮಕರಂದದ ಇಂಗ್ಲಿಷ್ ಅನುವಾದ ಇತ್ತು, ಕನ್ನಡ ಮೂಲ ಇರಲಿಲ್ಲ. ನಮ್ಮ ಕ್ಲಾಸುಗಳು ನಡೆಯುತ್ತಿದ್ದದ್ದೂ ಇಂಗ್ಲಿಷಿನಲ್ಲಿ. ಆರು ಜನ ವಿದೇಶಿಯರಿದ್ದಾಗ ಅದು ಸಹಜ. ನನಗೇನೂ ಕಷ್ಟ ಆಗಿರಲಿಲ್ಲ, ಮೂರನೇ ವಾರದವರೆಗೆ.

ಕಲಿಸುವ ಕ್ಲಾಸು ಹೇಗಿತ್ತು ಅಂತ ಹೇಳದೆ ಮುಂದೆ ಹೋಗಲಾರೆ. ನಮ್ಮ ಕಸುಬಿನವರಿಗೆ ಅದು ಬೇಗ ಅರ್ಥವಾಗುತ್ತೆ, ಥೇಟ್ ಕೋಡ್ ರಿವ್ಯೂ. ಒಬ್ಬರು ಮುಂದೆ ನಿಂತು ಒಂದು ಆಸನ ಹೇಳಿಕೊಡಬೇಕು. ಉಳಿದವರು ಅವರು ಹೇಳಿದ್ದನ್ನಷ್ಟೇ ಮಾಡಬೇಕು, ಗೊತ್ತಿರೋದನ್ನಲ್ಲ. ‘ಕೈ ಮೇಲೆತ್ತಿ’ ಅಂದರೆ ಯಾವ ಕೈ ಅಂತ ಹೇಳದ ಕಾರಣ ಒಂಬತ್ತು ಜನ ಎಡಗೈ, ಎಂಟು ಜನ ಬಲಗೈ ಎತ್ತಿ ನಿಲ್ಲುತ್ತಿದ್ದರು. ಎದುರು ನಿಂತವರಿಗೆ ನೀವು ಕನ್ನಡಿ. ‘ಬಲಗಾಲು’ ಅಂತ ಬಾಯಲ್ಲಿ ಹೇಳ್ತಾ ನೀವು ಎಡಗಾಲು ಮುಂದಿಡಬೇಕು. ಜೊತೆಗೆ ಉಸಿರು ಮೊದಲು ಹೇಳಬೇಕು, ಚಲನೆ ಆಮೇಲೆ. ‘ಉಸಿರು ತಗೊಳ್ತಾ ಕೈ ಮೇಲಕ್ಕೆ’ ಅನ್ನಬೇಕು. ‘ಕೈ ಮೇಲೆ ಎತ್ತಿ, ಹಾಂ, ಉಸಿರು ತಗೊಳ್ಳಿ’ ಅಂದರೆ ಅಷ್ಟರಲ್ಲಿ ಜನ ಉಸಿರು ಕಟ್ಟಿ ನಿಂತಿರ್ತಾರೆ. ‘ಐದು ಉಸಿರು’ ಅಂತ ಎಣಿಸುವಾಗ ಯಾರ ಉಸಿರು? ಹೆದರಿದ ಟೀಚರ್‌ನ ಐದು ಉಸಿರು ಹತ್ತು ಸೆಕೆಂಡಿಗೆ ಮುಗಿಯುತ್ತೆ. ಮೇಡಂ ಪ್ರತಿಯೊಬ್ಬರಿಗೂ ಕೆಂಪು ಇಂಕಿನಲ್ಲಿ ಪಟ್ಟಿ ಕೊಡುತ್ತಿದ್ದರು. ಬ್ಯಾಂಕ್ ಸರ್‌ಗೆ ಸಿಕ್ಕ ಪಟ್ಟಿಯ ಮೊದಲ ಸಾಲು: ‘ಹತ್ತು ನಿಮಿಷದಲ್ಲಿ 31 ಸಲ ಓಕೆ ಅಂದಿರಿ.’

ಮುಟ್ಟಿ ತಿದ್ದುವುದಕ್ಕೆ ಅವಕಾಶವೇ ಇರಲಿಲ್ಲ. ಮಾತಿನಲ್ಲಿ ತಿದ್ದಲು ಆಗದಿದ್ದರೆ ಮಾತು ಬದಲಿಸು. ಆಗಲೂ ಆಗದಿದ್ದರೆ ‘ಮುಟ್ಟಬಹುದಾ?’ ಅಂತ ಕೇಳು, ಅವರು ಹೂಂ ಅಂದ ಮೇಲೆ ಮಾತ್ರ. ಹೂಂ ಅನ್ನದಿದ್ದರೆ ಬಿಡು. ಈ ಒಂದು ನಿಯಮಕ್ಕಾಗಿಯೇ ಆ ಸಂಸ್ಥೆಯ ಮೇಲೆ ನನಗೆ ಗೌರವ ಇದೆ.

ಕರುನಾ, ಮೀನಖಂಡನಾ?

ಮೂರನೇ ವಾರ ಪಕ್ಕದ ಹಳ್ಳಿಯ ಸಮುದಾಯ ಭವನದಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಕ್ಲಾಸ್ ತಗೋಬೇಕು ಅಂತ ಹೇಳಿದರು. ಕನ್ನಡ ಬರುವವರು ನಾವು ಏಳು ಜನ. ನನ್ನ ಪಾಳಿ ಬುಧವಾರ. ಮಂಗಳವಾರ ರಾತ್ರಿ ಪ್ಲ್ಯಾನ್ ಬರೆಯೋಕೆ ಕೂತೆ. ಮೊದಲ ಸಾಲು ‘ಸ್ಟ್ರೆಚ್ ಯುವರ್ ಕಾಫ್ ಮಸಲ್ಸ್’. ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು? ‘ಕೋರ್ ಟೈಟ್ ಮಾಡಿ’? ‘ಶೋಲ್ಡರ್ ಬ್ಲೇಡ್ಸ್ ಹಿಂದಕ್ಕೆ’? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನಗೆ ನನ್ನ ಮೈಯ ಅರ್ಧ ಭಾಗಗಳಿಗೆ ಹೆಸರು ಹೊಳೀತಿರಲಿಲ್ಲ. ಫೋನ್ ಕೈಗೆ ಬಂದ ಕೂಡಲೇ ಅಪ್ಪಾಜಿಗೆ ಹಚ್ಚಿದೆ.

‘ಅಪ್ಪಾಜಿ, ಕಾಫ್‌ಗೆ ಕನ್ನಡದಲ್ಲಿ ಏನಂತಾರೆ?’

‘ಕರು ಅಂತಾರೆ. ಯಾಕೆ, ಅಲ್ಲಿ ಹಸು ಸಾಕಿದಾರಾ?’

‘ಅಯ್ಯೋ, ಕಾಲಿನದು. ಮಂಡಿ ಕೆಳಗೆ, ಹಿಂದ್ಗಡೆ.’

‘ಮೀನಖಂಡ ಅನ್ನು. ಹಳ್ಳೀಲಿ ಎಲ್ಲರಿಗೂ ಗೊತ್ತಾಗುತ್ತೆ.’

ಅಲ್ಲಿಂದ ಶುರುವಾಯ್ತು. ಹಿಮ್ಮಡಿ, ಅಂಗಾಲು, ಕಣಕಾಲು, ತೊಡೆಸಂದು, ಕಿಬ್ಬೊಟ್ಟೆ, ಪಕ್ಕೆ, ರೆಟ್ಟೆ, ಮುಂಗೈ, ಮಣಿಕಟ್ಟು, ಹೆಕ್ಕತ್ತು. ಒಂದೊಂದನ್ನೂ ಹೇಳುವಾಗ ಆ ಕಡೆ ಅಪ್ಪಾಜಿ ಅಲ್ಲಲ್ಲೇ ಮುಟ್ಟಿಕೊಳ್ತಿದ್ದರು ಅಂತ ಆಮೇಲೆ ಅಮ್ಮ ಹೇಳಿದಳು. ಶಿಬಿರದಲ್ಲಿ ಕಲಿತ ಆಸನಗಳ ಕ್ರಮವನ್ನೂ ಒಂದು ಬಿಡದೆ ಒಪ್ಪಿಸಿದರು. ಅರ್ಧ ಗಂಟೆ ಮುಗಿದು ಫೋನ್ ವಾಪಸ್ ಕೇಳೋಕೆ ಬಂದಾಗ ಇನ್ನೂ ಸೊಂಟದ ಹತ್ತಿರವೇ ಇದ್ದೆವು. ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅಪ್ಪಾಜಿ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಬುಧವಾರ ಹನ್ನೊಂದು ಗಂಟೆಗೆ 14 ಜನ ಬಂದರು. ಎಲ್ಲರೂ ಸೀರೆಯಲ್ಲಿ, ಇಬ್ಬರು ನೈಟಿ ಮೇಲೆ ಟವೆಲ್ ಹೊದ್ದವರು. ಮೊದಲು ಕಿಟಕಿ ಮುಚ್ಚಿಸಿದರು. ದಾರಿಯಲ್ಲಿ ಗಂಡಸರು ಓಡಾಡುವಾಗ ಮಲಗಿ ಕಾಲೆತ್ತೋದು ಹೇಗೆ? ಇದು ಯಾವ ಪಠ್ಯದಲ್ಲೂ ಇಲ್ಲ. ಆಮೇಲೆ ಮೇಡಂ ನಮಗೆ ಹೇಳಿಕೊಟ್ಟಿದ್ದ ಪ್ರಶ್ನೆ ಕೇಳಿದೆ. ಕಾಯಿಲೆ ಇದೆಯಾ ಅಂತಷ್ಟೇ ಕೇಳಿ ಬಿಡಬೇಡಿ, ದಿನಾ ಯಾವ ಮಾತ್ರೆ ತಗೋತೀರಿ ಅಂತಲೂ ಕೇಳಿ ಅಂದಿದ್ದರು ಅವರು. ಮುಂದೆ ಕೂತಿದ್ದ, ಐವತ್ತು ದಾಟಿದ ಅಕ್ಕನ ಜೊತೆ ನಡೆದದ್ದು ಇಷ್ಟು.

‘ಬಿಪಿ ಇದೆಯಾ ಅಕ್ಕ?’

‘ಇಲ್ಲ ಕಣವ್ವ.’

‘ದಿನಾ ಮಾತ್ರೆ ಏನಾದ್ರೂ?’

‘ಬೆಳಿಗ್ಗೆ ಒಂದು ತಗೋತೀನಿ, ಬಿಪಿದು.’

‘ಬಿಪಿ ಇಲ್ಲ ಅಂದ್ರಲ್ಲ?’

‘ಮಾತ್ರೆ ತಗೊಂಡ್ರೆ ಎಲ್ಲಿರ್ತದೆ?’

14 ಜನರಲ್ಲಿ ಐವರು ಹಾಗೆ ಹೊರಬಂದರು. ಸರ್ವಾಂಗಾಸನ ಪ್ಲ್ಯಾನಿನಲ್ಲಿ ಇರಲೇ ಇಲ್ಲ, ರಭಸದ ಕಪಾಲಭಾತಿಯನ್ನು ಅಲ್ಲೇ ತೆಗೆದೆ. ಮುಂದೆ ಬಗ್ಗುವ ಆಸನಕ್ಕೆ ಬಂದಾಗ ಮತ್ತೊಬ್ಬರು ನಕ್ಕರು. ‘ದಿನಾ ಬಗ್ಗಿ ಬಗ್ಗೇ ಸೊಂಟ ಬಿದ್ದೋಗದೆ, ನೀನು ಬಂದು ಇನ್ನೂ ಬಗ್ಗು ಅಂತೀಯಲ್ಲವ್ವ.’ ನಾಟಿ, ಕಳೆ, ಕಸ, ಪಾತ್ರೆ ಎಲ್ಲವೂ ಬಗ್ಗಿ ಮಾಡುವ ಕೆಲಸವೇ. ಅವರಿಗೆ ಬೇಕಿದ್ದದ್ದು ಎದೆ ತೆರೆಯುವ, ಹಿಂದಕ್ಕೆ ವಾಲುವ ಚಲನೆ. ಮೇಡಂ ಕಡೆ ನೋಡಿದೆ, ತಲೆಯಾಡಿಸಿದರು. ಭುಜಂಗಾಸನವನ್ನು ಮೊಣಕೈ ಊರಿ ಮೆಲ್ಲಗೆ ಮಾಡಿಸಿದೆ. ಅದೇ ಹೆಂಗಸರು ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರ್ತಾರೆ. ಇದನ್ನೇ ‘ಮಾಲಾಸನ’ ಅಂತ ನಮಗೆ ಎರಡು ದಿನ ಕಲಿಸಿದ್ದರು, ನನ್ನ ಹಿಮ್ಮಡಿ ಈಗಲೂ ಮೇಲೇಳುತ್ತೆ.

ಪದಗಳು ಕೆಲವು ಕೈಕೊಟ್ಟವು. ‘ಗಲ್ಲ ಎದೆಗೆ ತಾಗಿಸಿ’ ಅಂದರೆ ಅರ್ಧ ಜನ ಕೆನ್ನೆ ಮುಟ್ಟಿಕೊಂಡರು. ‘ಗದ್ದ’ ಅಂತ ತಿದ್ದಿದೆ. ‘ಭುಜ ಸಡಿಲ ಬಿಡಿ’ ಎಂದಾಗ ಯಾರ ಭುಜವೂ ಇಳಿಯಲಿಲ್ಲ. ‘ಬಿಂದಿಗೆ ಇಳಿಸಿದ ಮೇಲೆ ಹೆಗಲು ಹೇಗಿರ್ತದೆ, ಹಾಗೆ ಬಿಡಿ’ ಅಂದೆ. ಹದಿನಾಲ್ಕು ಜೊತೆ ಹೆಗಲು ಒಟ್ಟಿಗೆ ಕೆಳಗಿಳಿದವು. ಇಡೀ ಕೋರ್ಸಿನಲ್ಲಿ ನನಗೆ ರೋಮಾಂಚನ ಆದ ಕ್ಷಣ ಅದು, ತಲೆ ಕೆಳಗಾಗಿ ಶೀರ್ಷಾಸನ ನಿಂತಾಗಲೂ ಆಗಿರಲಿಲ್ಲ.

ಕೊನೆಗೆ ಶವಾಸನ. ಬಿಪಿ ಅಕ್ಕ ಗೊರಕೆ ಹೊಡೆಯೋಕೆ ಶುರು ಮಾಡಿದರು. ಉಳಿದವರು ನಗು ತಡೆದುಕೊಂಡು ಎದ್ದರು. ಎಬ್ಬಿಸಬೇಡ ಅಂತ ಮೇಡಂ ಸನ್ನೆ ಮಾಡಿದರು. ಇಪ್ಪತ್ತು ನಿಮಿಷ ಎಲ್ಲರೂ ಸುತ್ತ ಕೂತು ಪಿಸುಮಾತಿನಲ್ಲಿ ಸಂಘದ ಸಾಲದ ಕಂತಿನ ಲೆಕ್ಕ ಮಾಡಿದರು. ಎದ್ದ ಮೇಲೆ ಅವರು ಸೆರಗು ಸರಿ ಮಾಡಿಕೊಳ್ತಾ, ‘ಜ್ವರ ಬರದೇ ಹಗಲೊತ್ತು ಮಲಗಿದ್ದು ಯಾವಾಗಲೋ’ ಅಂದರು.

ಸರಿ, ನೀವು ಹೋಗಬಹುದಾ?

ಹೋಗಿ. ಆದರೆ ರಾಜೀನಾಮೆ ಕೊಟ್ಟು ಹೋಗಬೇಡಿ. ನನ್ನ ಲೆಕ್ಕ ಹೇಳ್ತೀನಿ. ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೆ ಮೂರು ದಿನ, ಬೆಳಿಗ್ಗೆ 6:15ಕ್ಕೆ ಕ್ಲಾಸ್ ತಗೋತೀನಿ. 11 ಜನ ಬರ್ತಾರೆ, ತಿಂಗಳಿಗೆ ತಲೆಗೆ 1,200. ಒಟ್ಟು 13,200 ರೂಪಾಯಿ. ಬೆಂಗಳೂರಿನಲ್ಲಿ ಅದು ನನ್ನ ಮನೆ ಬಾಡಿಗೆಗೂ ಸಾಲಲ್ಲ. ನಮ್ಮ ಬ್ಯಾಚಿನ 18 ಜನರಲ್ಲಿ ಯೋಗವನ್ನೇ ಪೂರ್ತಿ ಕಸುಬು ಮಾಡಿಕೊಂಡವರು ಮೂವರು. ಅವರು ಬೆಳಿಗ್ಗೆ ಐದರಿಂದ ರಾತ್ರಿ ಎಂಟರವರೆಗೆ ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸ್ಕೂಟರಿನಲ್ಲಿ ಓಡಾಡ್ತಾರೆ. ಟ್ರಾಫಿಕ್ ತಪ್ಪಿಸಿಕೊಳ್ಳೋಕೆ ಯೋಗ ಟೀಚರ್ ಆಗುವ ಆಲೋಚನೆ ಇದ್ದರೆ ಅದನ್ನು ಇಲ್ಲೇ ಬಿಡಿ.

ಸಂಸ್ಥೆ ಆರಿಸುವಾಗ ಫೋಟೋ ನೋಡಬೇಡಿ, ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ. ‘200 ಗಂಟೆಯಲ್ಲಿ ನಾನು ಎದ್ದು ನಿಂತು ಹೇಳಿಕೊಡೋದು ಎಷ್ಟು ಗಂಟೆ, ಯಾರಿಗೆ?’ ನನಗೆ ಸಿಕ್ಕಿದ್ದು 45 ನಿಮಿಷದ 12 ಕ್ಲಾಸು, ಅಂದರೆ 9 ಗಂಟೆ. 200ರಲ್ಲಿ 9 ನನ್ನ ಪ್ರಕಾರ ಕಮ್ಮಿಯೇ. ಅದರಲ್ಲೂ ಮೂರು ಗಂಟೆ ಹಳ್ಳಿಯಲ್ಲಿ ಆದದ್ದರಿಂದ ಬಚಾವಾದೆ. ಸಹಪಾಠಿಗಳಿಗೆ ಕಲಿಸೋದು ಸುಲಭ, ಅವರಿಗೆ ಮುಂದಿನ ಹೆಜ್ಜೆ ಮೊದಲೇ ಗೊತ್ತಿರುತ್ತೆ. ವಿಡಿಯೋ ನೋಡಿ ಪ್ರಶ್ನೆಗಳಿಗೆ ಟಿಕ್ ಹಾಕಿದರೆ ಸರ್ಟಿಫಿಕೇಟ್ ಕೊಡುವ ಕೋರ್ಸ್‌ಗಳೂ ಇವೆ. ಅದರಲ್ಲಿ ಕಲಿತವರ ಮುಂದೆ ನಾನಂತೂ ನಮ್ಮಮ್ಮನ ಮಂಡಿ ಇಡಲ್ಲ. ಇನ್ನೊಂದು ಮಾತು, ಹೋಗುವ ಮುಂಚೆ ಆರು ತಿಂಗಳಾದರೂ ನಿಮ್ಮದೇ ಅಭ್ಯಾಸ ಇರಲಿ. ಸೊನ್ನೆಯಿಂದ ಬಂದ ಇಬ್ಬರು ಮೊದಲ ವಾರವೇ ಮಣಿಕಟ್ಟು ನೋಯಿಸಿಕೊಂಡು ಉಳಿದ ದಿನವೆಲ್ಲ ಗೋಡೆಗೊರಗಿ ನೋಟ್ಸ್ ಬರೆದರು.

ಅಪ್ಪಾಜಿ ವಿಷಯ ಹೇಳಲಿಲ್ಲ ಅಲ್ಲವಾ. ಕೋರ್ಸಿನ ಕೊನೆಯ ವಾರ ಮೇಡಂ ಹತ್ತಿರ ಹೋಗಿ, ಸ್ಟೆಂಟ್ ಹಾಕಿದವರಿಗೆ ಏನು ಹೇಳಿಕೊಡಲಿ ಅಂತ ಕೇಳಿದೆ. ಪಟ್ಟಿ ಸಿಗುತ್ತೆ ಅಂತ ಪೆನ್ನು ಹಿಡಿದು ಹೋಗಿದ್ದೆ. ‘ಅದನ್ನ ತೀರ್ಮಾನ ಮಾಡೋದು ನೀವಲ್ಲ, ನಾನೂ ಅಲ್ಲ, ಅವರ ಡಾಕ್ಟರ್’ ಅಂದರು. ಊರಿಗೆ ಹೋಗಿ ಅಪ್ಪಾಜಿಯನ್ನು ಕರಕೊಂಡು ಕಾರ್ಡಿಯಾಲಜಿಸ್ಟ್ ಮುಂದೆ ಕೂತೆ. ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಅವರು ಓದಿ ಎರಡು ಸಾಲು ಹೊಡೆದು ಹಾಕಿದರು, ಉಳಿದದ್ದಕ್ಕೆ ಸರಿ ಅಂದರು. ಉಸಿರು ಕಟ್ಟುವ ಹಾಗಿಲ್ಲ, ತಲೆ ಕೆಳಗೆ ಮಾಡುವ ಹಾಗಿಲ್ಲ, ಎದೆಯಲ್ಲಿ ಏನೇ ಅನಿಸಿದರೂ ಅಲ್ಲೇ ನಿಲ್ಲಿಸಬೇಕು.

ಈಗ ಭಾನುವಾರ ಬೆಳಿಗ್ಗೆ ಏಳಕ್ಕೆ ವಿಡಿಯೋ ಕಾಲ್. ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡ್ತಾಳೆ. ಅಪ್ಪಾಜಿ ಕುರ್ಚಿಯಲ್ಲಿ ಕೂತು ಉಸಿರಿನ ಜೊತೆ ಕೈ ಎತ್ತಿ ಇಳಿಸ್ತಾರೆ, ಕಣಕಾಲು ತಿರುಗಿಸ್ತಾರೆ, ಕುರ್ಚಿ ಹಿಡಿದು ನಿಂತು ಹಿಮ್ಮಡಿ ಎತ್ತುತ್ತಾರೆ. 25 ನಿಮಿಷ. ಚಾಪೆ ಅಟ್ಟದಿಂದ ಕೆಳಗೆ ಬಂದಿದೆ, ಶವಾಸನಕ್ಕೆ. ಕಳೆದ ವಾರ ‘ಕೈ ಪಕ್ಕಕ್ಕೆ ಎಳೀರಿ’ ಅಂದೆ. ಅಪ್ಪಾಜಿ ಕೈ ಅಲ್ಲೇ ನಿಲ್ಲಿಸಿದರು.

‘ಎಳೀರಿ ಅನ್ಬೇಡ, ಎಳೆಯೋಕೆ ಅದೇನು ಹಗ್ಗನಾ? ಚಾಚಿ ಅನ್ನು.’

ಬರ್ಕೊಂಡೆ.